ದೊಡ್ಡ ಬೈಕೋ, ನಡುವಿನದೋ: ಚಿಕ್ಕಮಗಳೂರು ಕಡೆಯ ಒಂದು ಖರೀದಿಯ ಲೆಕ್ಕ

ಇದು 2025ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2026ರ ಫೆಬ್ರುವರಿವರೆಗೆ ನಡೆದ ಒಂದು ಖರೀದಿಯ ಪ್ರಕರಣ. ಕೊಂಡವರು ಚಿಕ್ಕಮಗಳೂರು ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ಊರು, ಎಕರೆ, ವಯಸ್ಸು ಗುರುತು ಸಿಗದಷ್ಟು ಬದಲಿಸಿದೆ. ಶೋರೂಂಗಳ ಹೆಸರನ್ನು ಹೇಳಿಲ್ಲ. ಯಾವ ಬೈಕ್ ಯಾವ ಕಂಪನಿಯದು ಎಂಬುದನ್ನೂ ಬಿಟ್ಟು ‘ದೊಡ್ಡದು’, ‘ನಡುವಿನದು’, ‘ಚಿಕ್ಕದು’ ಎಂದಷ್ಟೇ ಕರೆದಿದೆ. ರೂಪಾಯಿಗಳನ್ನು ನೂರಕ್ಕೆ ಸರಿಸಿದ್ದು ಬಿಟ್ಟರೆ ಲೆಕ್ಕ ಇದ್ದ ಹಾಗೇ ಇದೆ.

ಹಿನ್ನೆಲೆ

ಅವರ ಹತ್ತಿರ 11 ವರ್ಷ ಹಳೆಯ 150 ಸಿಸಿ ಬೈಕ್ ಇತ್ತು. 78,000 ಕಿ.ಮೀ. ಓಡಿದೆ. ತೋಟ, ಪೇಟೆ, ನೆಂಟರ ಮನೆ, ಎಲ್ಲಕ್ಕೂ ಅದೇ. ಕಾಫಿಗೆ ಒಳ್ಳೆಯ ರೇಟು ಸಿಕ್ಕ ವರ್ಷ, ಕೈಯಲ್ಲಿ ಎರಡು ಲಕ್ಷ ಉಳಿದಿತ್ತು. ಇನ್ನೊಂದೂವರೆ ಲಕ್ಷ ಸಾಲ ಮಾಡಿದರೂ ಪರವಾಗಿಲ್ಲ ಅನ್ನುವ ಧೈರ್ಯವೂ ಇತ್ತು. ಹಾಗಾಗಿ ಬಜೆಟ್ ಮೂರೂವರೆ ಲಕ್ಷ. ಸವಾರರ ಎತ್ತರ 165 ಸೆಂ.ಮೀ., ತೂಕ 68 ಕೆ.ಜಿ. ಹಿಂದೆ ಕೂರುವ ಹೆಂಡತಿಯ ತೂಕ 60 ಕೆ.ಜಿ., ಎರಡು ದಿನದ ಬ್ಯಾಗ್ 12ರಿಂದ 15 ಕೆ.ಜಿ. ಎತ್ತರ, ತೂಕಗಳನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಟೂರಿಂಗ್ ಬೈಕ್ ಹುಡುಕುವವರು ಎಂಜಿನ್ ಅಳತೆ ಬಾಯಿಪಾಠ ಹೇಳುತ್ತಾರೆ, ತಮ್ಮ ಕಾಲಿನ ಅಳತೆ ಕೇಳಿದರೆ ತಡಬಡಾಯಿಸುತ್ತಾರೆ.

ಆಯ್ಕೆಗೆ ಬಂದವು ಮೂರು ವರ್ಗದವು.

ದೊಡ್ಡದು ಎಂದರೆ 400ರಿಂದ 450 ಸಿಸಿಯ ಅಡ್ವೆಂಚರ್ ಬೈಕು, ಅಂದರೆ ಕೆಟ್ಟ ರಸ್ತೆಗೂ ಒಗ್ಗುವ ಎತ್ತರದ ಗಾಡಿ. ಹಿಮಾಲಯನ್ 450, 390 ಅಡ್ವೆಂಚರ್, ಸ್ಕ್ರ್ಯಾಂಬ್ಲರ್ 400 ಎಕ್ಸ್ ಈ ಗುಂಪಿನವು. ಅಂದಾಜಿಗೆ ಹಿಮಾಲಯನ್ 450 ನೋಡಿದರೆ 452 ಸಿಸಿ, 40 ಪಿಎಸ್ ಶಕ್ತಿ, 40 ಎನ್‌ಎಂ ಟಾರ್ಕ್, 196 ಕೆ.ಜಿ. ತೂಕ, 17 ಲೀಟರ್ ಟ್ಯಾಂಕ್, ಸೀಟಿನ ಎತ್ತರ 825 ಮಿ.ಮೀ. ಚಿಕ್ಕದು ಎಂದರೆ 250 ಸಿಸಿಯ ಅಡ್ವೆಂಚರ್ ಬೈಕು. ವಿ-ಸ್ಟ್ರಾಮ್ ಎಸ್‌ಎಕ್ಸ್ ಈ ವರ್ಗದ್ದು: 249 ಸಿಸಿ, 26.5 ಪಿಎಸ್, 167 ಕೆ.ಜಿ., 12 ಲೀಟರ್ ಟ್ಯಾಂಕ್, ಸೀಟು 835 ಮಿ.ಮೀ. ನಡುವಿನದು 350 ಸಿಸಿ ಕ್ರೂಸರ್ ಅಥವಾ ರೋಡ್‌ಸ್ಟರ್, ಅಂದರೆ ಟಾರು ರಸ್ತೆಗೆಂದೇ ಮಾಡಿದ ತಗ್ಗಿನ ಗಾಡಿ. ಮೀಟಿಯರ್ 350, ಹೈನೆಸ್ ಸಿಬಿ350 ಇಂಥವು. ಮೀಟಿಯರ್ ಲೆಕ್ಕ ಹಿಡಿದರೆ 349 ಸಿಸಿ, 20.2 ಪಿಎಸ್, 27 ಎನ್‌ಎಂ, 191 ಕೆ.ಜಿ., 15 ಲೀಟರ್, ಸೀಟು 765 ಮಿ.ಮೀ.

ಅವರ ಮನಸ್ಸು ಮೊದಲೇ ದೊಡ್ಡದರ ಮೇಲೆ ಕೂತಿತ್ತು. ಕಾರಣ ಕೇಳಿದರೆ ಮೂರು ಹೇಳುತ್ತಿದ್ದರು: ತೋಟದ ರಸ್ತೆ ಕೆಟ್ಟದ್ದು, ಚಾರ್ಮಾಡಿ ಮತ್ತು ಶಿರಾಡಿ ಘಾಟಿಯಲ್ಲಿ ಪವರ್ ಬೇಕು, ಒಂದಲ್ಲ ಒಂದು ದಿನ ಲಡಾಖ್‌ಗೆ ಹೋಗಬೇಕು.

ಸಮಸ್ಯೆ: ಹದಿನೈದು ದಿನದ ಗಡುವು

ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿಯ ತೀರ್ಮಾನ ಹೊರಬಿತ್ತು. 350 ಸಿಸಿವರೆಗಿನ ಬೈಕ್‌ಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. 350 ದಾಟಿದವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40 ಆಯಿತು. ಜಾರಿ 22ರಿಂದ. 6ನೇ ತಾರೀಕು ಶೋರೂಂಗೆ ಹೋದವರಿಗೆ ಸೇಲ್ಸ್ ಹುಡುಗ ಹೇಳಿದ್ದು ಇಷ್ಟು: “ಸಾರ್, 21ರ ಒಳಗೆ ಬಿಲ್ ಆಗ್ಲಿಲ್ಲಾಂದ್ರೆ ಇಪ್ಪತ್ತು ಸಾವಿರ ಜಾಸ್ತಿ ಆಗುತ್ತೆ. ಈಗ್ಲೇ ಬುಕ್ ಮಾಡ್ಬಿಡಿ.” ಹತ್ತು ಸಾವಿರ ಕೊಟ್ಟು ಬುಕ್ ಮಾಡಿ ಬಂದರು.

ಹುಡುಗ ಹೇಳಿದ್ದು ಸುಳ್ಳಲ್ಲ. ಲೆಕ್ಕ ಹಾಕಿದರೆ ಅವನು ಕಮ್ಮಿಯೇ ಹೇಳಿದ್ದ. ಎಕ್ಸ್ ಶೋರೂಂ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆ) 2,86,000 ಇದ್ದ ಬೈಕ್‌ನ ಬೆಲೆಯನ್ನು 131ರಿಂದ ಭಾಗಿಸಿ 140ರಿಂದ ಗುಣಿಸಿದರೆ 3,05,600 ಚಿಲ್ಲರೆ ಬರುತ್ತದೆ. ಏರಿಕೆ ಹತ್ತಿರ ಹತ್ತಿರ 20,000. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕ್‌ಗೆ ಜೀವಿತಾವಧಿ ರಸ್ತೆ ತೆರಿಗೆ ಶೇ 18, ಸೆಸ್ ಸೇರಿದರೆ ಸುಮಾರು 20. ಆ ತೆರಿಗೆಯೂ ಏರಿದ ಬೆಲೆಯ ಮೇಲೇ ಬೀಳುತ್ತದೆ. ಆದ್ದರಿಂದ ರಸ್ತೆಗಿಳಿಯುವ ಹೊತ್ತಿಗೆ ವ್ಯತ್ಯಾಸ 23,500 ದಾಟುತ್ತದೆ.

ಅವನು ಹೇಳದೆ ಬಿಟ್ಟದ್ದು ಇನ್ನೊಂದು ಬದಿ. ಅದೇ 22ನೇ ತಾರೀಕು 349 ಸಿಸಿಯ ಬೈಕ್‌ನ ಬೆಲೆ 2,21,000ದಿಂದ 2,04,000ಕ್ಕೆ ಇಳಿಯುವುದಿತ್ತು. ದೊಡ್ಡದು ಬೇಕಾದವರು 21ರ ಒಳಗೆ ಕೊಳ್ಳಬೇಕು, ನಡುವಿನದು ಬೇಕಾದವರು 22ರವರೆಗೆ ಕಾಯಬೇಕು. ಗಡುವು ನಿಜವಾದದ್ದೇ. ಆದರೆ ಯಾವ ಬೈಕ್ ಎಂದು ತೀರ್ಮಾನವಾಗದ ಹೊರತು ಆ ಗಡುವಿನಿಂದ ಉಪಯೋಗವಿರಲಿಲ್ಲ. ಇಲ್ಲಿ ಆದ ಒಳ್ಳೆಯ ಕೆಲಸವೆಂದರೆ, ಬುಕಿಂಗ್ ರಸೀದಿ ಇಸಿದುಕೊಳ್ಳುವಾಗಲೇ ‘ಬಿಲ್ ಆಗುವ ಮೊದಲು ರದ್ದಾದರೆ ಪೂರ್ತಿ ವಾಪಸ್’ ಎಂದು ರಸೀದಿಯ ಹಿಂದೆ ಬರೆಸಿ ಸೀಲ್ ಹಾಕಿಸಿಕೊಂಡಿದ್ದರು. ಆ ಒಂದು ಸಾಲಿನಿಂದ ಮುಂದಿನ ಎರಡು ವಾರ ತಲೆ ತಣ್ಣಗಿತ್ತು.

ಮೊದಲ ಪ್ರಯತ್ನ: ಹೋದ ವರ್ಷದ ಓಡಾಟ ಅಳೆದದ್ದು

ಎಷ್ಟು ಕಿಲೋಮೀಟರ್ ಸುತ್ತುತ್ತೀರಿ ಎಂದು ಕೇಳಿದಾಗ ಅವರ ಉತ್ತರ ‘ವರ್ಷಕ್ಕೆ ಎಂಟ್ಹತ್ತು ಸಾವಿರ ಟೂರಿಂಗೇ ಆಗುತ್ತೆ’. ಡೈರಿ ಬರೆದಿಡುವ ಅಭ್ಯಾಸ ಇರಲಿಲ್ಲ. ಆದರೂ ಲೆಕ್ಕ ಹೊರಡಿಸಲು ಮೂರು ದಾರಿ ಇದ್ದವು. ಸರ್ವಿಸ್ ಬಿಲ್ಲುಗಳ ಮೇಲೆ ಓಡೋಮೀಟರ್ ಅಂಕಿ ಮತ್ತು ದಿನಾಂಕ ಇರುತ್ತದೆ, ಒಂದು ವರ್ಷದ ಒಟ್ಟು ಓಟ ಅದರಿಂದ ಸಿಕ್ಕಿತು: 7,400 ಕಿ.ಮೀ. ಫೋನಿನ ಗ್ಯಾಲರಿಯಲ್ಲಿ ಫೋಟೊಗಳನ್ನು ಜಾಗದ ಪ್ರಕಾರ ವಿಂಗಡಿಸಿದಾಗ ಯಾವ ದಿನ ಎಲ್ಲಿದ್ದರು ಎಂದು ತಿಳಿಯಿತು. ಫೋನ್ ಮೂಲಕ ಕಟ್ಟಿದ ಪೆಟ್ರೋಲ್ ದುಡ್ಡಿನ ಪಟ್ಟಿ ಉಳಿದ ತೂತುಗಳನ್ನು ಮುಚ್ಚಿತು. ಕೂತು ಮಾಡಿದರೆ ಒಂದು ಸಂಜೆಯ ಕೆಲಸ.

ಬಂದ ಉತ್ತರ ಹೀಗಿತ್ತು. ವರ್ಷದಲ್ಲಿ 11 ಸುತ್ತಾಟ, ಒಟ್ಟು 3,100 ಕಿ.ಮೀ. ಅದರಲ್ಲಿ 9 ಸಲ ಹೆಂಡತಿ ಹಿಂದೆ ಇದ್ದರು. ನಾಲ್ಕು ಪಥದ ಹೆದ್ದಾರಿಯಲ್ಲಿ ಓಡಿದ್ದು 620 ಕಿ.ಮೀ. ಮಾತ್ರ, ಅದೂ ಹಾಸನದಿಂದ ಬೆಂಗಳೂರಿಗೆ ಹೋಗಿ ಬಂದದ್ದೇ ಹೆಚ್ಚು. ಮಿಕ್ಕದ್ದೆಲ್ಲ ಬಾಳೆಹೊನ್ನೂರು, ಶೃಂಗೇರಿ, ಕಳಸ, ಸಕಲೇಶಪುರ, ಬಿಸಿಲೆ ಕಡೆಯ ಮಲೆನಾಡಿನ ರಸ್ತೆ. ಅಲ್ಲಿ ಸರಾಸರಿ ವೇಗ ಗಂಟೆಗೆ 35ರಿಂದ 45. ಜೂನ್‌ನಿಂದ ಆಗಸ್ಟ್‌ವರೆಗೆ ಒಂದೂ ಪ್ರವಾಸವಿಲ್ಲ, ಕೊಯ್ಲಿನ ಡಿಸೆಂಬರ್ ಜನವರಿಯಲ್ಲಿ ಒಂದೇ ಒಂದು.

ಲಡಾಖ್‌ನ ಬಗ್ಗೆ ಇಲ್ಲೇ ಹೇಳಿಬಿಡುವುದು ವಾಸಿ. ನಮ್ಮ ಕಡೆ ಮಾರಾಟವಾಗುವ ಅಡ್ವೆಂಚರ್ ಬೈಕ್‌ಗಳ ಬೆಲೆಯಲ್ಲಿ ಲಡಾಖ್ ಎಂಬ ಹೆಸರಿಗೇ ಒಂದು ಪಾಲು ಸೇರಿರುತ್ತದೆ. ಐದು ವರ್ಷದಲ್ಲಿ ಒಂದು ಸಲ ಹೋಗುವುದಾದರೆ ಲೇಹ್‌ನಲ್ಲೇ ಬೈಕ್ ಬಾಡಿಗೆಗೆ ಸಿಗುತ್ತದೆ. ಆ ಒಂದು ವಾರಕ್ಕಾಗಿ ಉಳಿದ ಇನ್ನೂರೈವತ್ತು ವಾರ 196 ಕೆ.ಜಿ.ಯನ್ನು ಮನೆಯಂಗಳದಲ್ಲಿ ತಳ್ಳಾಡುವ ಅಗತ್ಯವಿಲ್ಲ.

ಎರಡನೆಯ ಪ್ರಯತ್ನ: ಬಾಡಿಗೆಗೆ ತಂದು ಓಡಿಸಿದ್ದು

ಶೋರೂಂನ ಟೆಸ್ಟ್ ರೈಡ್ ಎಂದರೆ ಹತ್ತು ನಿಮಿಷ, ಒಬ್ಬರೇ, ಟಾರು ರಸ್ತೆ, ಅರ್ಧ ಲೀಟರ್ ಪೆಟ್ರೋಲ್. ಕ್ಲಚ್ ಮೆತ್ತಗಿದೆಯೇ, ಸದ್ದು ಹೇಗಿದೆ ಎಂಬುದು ತಿಳಿಯುತ್ತದೆ, ಅಷ್ಟೇ. ಬೈಕ್ ಬಾಡಿಗೆಗೆ ಕೊಡುವವರು ಚಿಕ್ಕಮಗಳೂರಿನಲ್ಲಿದ್ದಾರೆ. ದೊಡ್ಡದನ್ನು ಒಂದು ದಿನ, ಮುಂದಿನ ವಾರ ನಡುವಿನದನ್ನು ಒಂದು ದಿನ ತಂದರು. ದೊಡ್ಡದಕ್ಕೆ ದಿನಕ್ಕೆ 1,500 ರೂ., ನಡುವಿನದಕ್ಕೆ 1,200. (ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುವ ಗಾಡಿಯನ್ನೇ ತೆಗೆದುಕೊಳ್ಳಬೇಕು. ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ತಂದು ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಿಬಿಡಬಹುದು.) ಚಿಕ್ಕದು ಬಾಡಿಗೆಗೆ ಸಿಗಲಿಲ್ಲ. ಪರಿಚಯದವರ ಬೈಕ್ ಇಸಿದುಕೊಂಡು ಕೈಮರದವರೆಗೆ ಹೋಗಿ ಬಂದರು. 835 ಮಿ.ಮೀ. ಸೀಟಿನ ಮೇಲೆ ಇಳಿಜಾರಿನಲ್ಲಿ ಕಾಲು ನೆಲಕ್ಕೆ ನಿಲುಕದೆ ಅದು ಅವತ್ತೇ ಪಟ್ಟಿಯಿಂದ ಬಿತ್ತು.

ಎರಡೂ ಬೈಕ್‌ಗೆ ಒಂದೇ ದಾರಿ: ಚಿಕ್ಕಮಗಳೂರು, ಬಾಳೆಹೊನ್ನೂರು, ಶೃಂಗೇರಿ, ಕೆರೆಕಟ್ಟೆ, ಕುದುರೆಮುಖ, ಕಳಸ, ಕೊಟ್ಟಿಗೆಹಾರ, ಮೂಡಿಗೆರೆ, ಮತ್ತೆ ಮನೆ. ಸುಮಾರು 250 ಕಿ.ಮೀ. ಇಬ್ಬರೂ ಕೂತು, ನಿಜವಾದ ಬ್ಯಾಗ್ ಕಟ್ಟಿಕೊಂಡು. ಗಮನಿಸಬೇಕಾದ ನಾಲ್ಕು ವಿಷಯ ಮೊದಲೇ ಬರೆದಿಟ್ಟುಕೊಂಡಿದ್ದರು. ಹಿಂಬದಿ ಸವಾರರು ‘ಸ್ವಲ್ಪ ನಿಲ್ಸಿ’ ಅನ್ನುವುದು ಎಷ್ಟು ನಿಮಿಷಕ್ಕೆ. ಇಳಿಜಾರಿನಲ್ಲಿ ಇಬ್ಬರೂ ಕೂತಿರುವಾಗಲೇ ಗಾಡಿ ತಿರುಗಿಸಲು ಆಗುತ್ತದೆಯೇ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಕುಕ್ಕುತ್ತದೆಯೇ. ಮಾರನೇ ದಿನ ಮೈಯಲ್ಲಿ ಎಲ್ಲಿ ನೋವು.

ದೊಡ್ಡದು ಏರು ಹತ್ತಿದ ಬಗೆಗೆ ಎರಡು ಮಾತಿಲ್ಲ. ಕುದುರೆಮುಖದ ಕಡೆಯ ಹಳ್ಳಕೊಳ್ಳದ ರಸ್ತೆಯಲ್ಲಿ ಸಸ್ಪೆನ್ಷನ್ ಗುಂಡಿಗಳನ್ನು ನುಂಗಿಕೊಂಡು ಹೋಯಿತು. ಬ್ರೇಕ್, ಹಿಡಿತ, ಹೆಡ್‌ಲೈಟ್ ಎಲ್ಲವೂ ಮೇಲು. ಆದರೆ ಹಿಂದೆ ಕೂತವರು 55 ನಿಮಿಷಕ್ಕೆ ನಿಲ್ಲಿಸಿ ಎಂದರು. ಸೀಟು ಎತ್ತರ, ಫುಟ್‌ರೆಸ್ಟ್ ಮೇಲಕ್ಕೆ, ಮೊಣಕಾಲು ಮಡಿಚಿಕೊಂಡೇ ಇರಬೇಕು, ಹಿಡಿದುಕೊಳ್ಳಲು ಬೆನ್ನ ಹಿಂದಿನ ಕಂಬಿ ಒಂದೇ. ಕಳಸದ ಹತ್ತಿರ ದಾರಿ ತಪ್ಪಿ ಇಳಿಜಾರಿನಲ್ಲಿ ಗಾಡಿ ತಿರುಗಿಸುವಾಗ ಸವಾರರ ಎಡಗಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗಿತು. ಗಾಡಿ ವಾಲಿತು, ಬೀಳಲಿಲ್ಲ. ಹೆಂಡತಿ ಇಳಿದು ಹಿಂದಿನಿಂದ ಹಿಡಿದರು. ಬೈಕ್ 196, ಇಬ್ಬರು 128, ಬ್ಯಾಗ್ 14, ಒಟ್ಟು 338 ಕೆ.ಜಿ. ಆ ಭಾರ ಇಳಿಜಾರಿನ ಕಡೆಗೆ ಹತ್ತು ಡಿಗ್ರಿ ವಾಲಿದರೆ 165 ಸೆಂ.ಮೀ. ಎತ್ತರದವರು ಹೆಬ್ಬೆರಳ ಮೇಲೆ ನಿಂತು ಅದನ್ನು ಹಿಡಿಯಲಾರರು. ತಗ್ಗು ಸೀಟ್ ಹಾಕಿಸಬಹುದು. ಎರಡು ಸೆಂಟಿಮೀಟರ್ ಇಳಿಯುತ್ತದೆ, ಸೀಟಿನ ಫೋಮ್ ಕೂಡ ಅಷ್ಟೇ ತೆಳ್ಳಗಾಗುತ್ತದೆ. ಹಿಂದೆ ಕೂತವರಿಗೆ ಅದರಿಂದ ಏನೂ ಲಾಭವಿಲ್ಲ.

ನಡುವಿನದರಲ್ಲಿ ಅದೇ ದಾರಿ ಮುಗಿಸಲು ಮುಕ್ಕಾಲು ಗಂಟೆ ಹೆಚ್ಚು ಹಿಡಿಯಿತು. ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ಅಷ್ಟೇ, ತೆರಪಾದ ಜಾಗ ಬರುವವರೆಗೆ ಕಾಯಬೇಕು. ಎರಡು ಕಡೆ ಹಂಪ್ ಮೇಲೆ ಅಡಿಭಾಗ ತಗುಲಿತು. ಆದರೆ ಮೊದಲ ನಿಲುಗಡೆ ಬಂದದ್ದು 1 ಗಂಟೆ 40 ನಿಮಿಷಕ್ಕೆ, ಅದೂ ಕಾಫಿ ಕುಡಿಯಲು. ಬ್ಯಾಕ್‌ರೆಸ್ಟ್ ಇತ್ತು. ಎರಡೂ ಪಾದ ನೆಲದ ಮೇಲೆ ಚಪ್ಪಟೆಯಾಗಿ ಕೂರುತ್ತಿದ್ದವು.

ತಿರುವು

ಇಷ್ಟಾದರೂ ಅವರು ದೊಡ್ಡದನ್ನು ಬಿಟ್ಟಿರಲಿಲ್ಲ. ಉಳಿದಿದ್ದ ವಾದ ಒಂದೇ: ತೋಟದ ರಸ್ತೆ. ಮುಖ್ಯರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಜಲ್ಲಿ ಕಿತ್ತ ದಾರಿ, ಮನೆಯಿಂದ ತೋಟದೊಳಗೆ ಇನ್ನೆರಡು ಕಿಲೋಮೀಟರ್ ಮಣ್ಣು, ಮಳೆಗಾಲದಲ್ಲಿ ಕೆಸರು. ಕ್ರೂಸರ್ ಅಲ್ಲಿಗೆ ಆಗದು ಎಂಬುದು ಸರಿಯಾದ ಮಾತೇ. ಆಗ ಹೆಂಡತಿ ಕೇಳಿದರು: “ರೀ, ತೋಟಕ್ಕೆ ಹೋಗೋಕೆ ಹಳೇ ಬೈಕ್ ಇದ್ಯಲ್ಲ. ಹೊಸದನ್ನ ಯಾಕೆ ಕೆಸರಿಗೆ ಇಳಿಸ್ತೀರಿ?”

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕುವುದೆಂದು ಮೊದಲ ದಿನವೇ ಅಂದುಕೊಂಡಿದ್ದರು. ಶೋರೂಂನವರು ಅದಕ್ಕೆ ಕಟ್ಟಿದ್ದ ಬೆಲೆ 14,000. ಆ 14,000ಕ್ಕಾಗಿ ಹೊಸ ಬೈಕ್‌ನ ತಲೆ ಮೇಲೆ ತೋಟದ ಕೆಲಸವನ್ನೂ ಹೇರಿದ್ದರಿಂದಲೇ ಅದು ಅಡ್ವೆಂಚರ್ ಆಗಬೇಕಾಗಿತ್ತು. ಹಳೆಯದು ಮನೆಯಲ್ಲೇ ಉಳಿಯುವುದಾದರೆ ಹೊಸದಕ್ಕೆ ಬೇಕಾದದ್ದು ಟಾರು ರಸ್ತೆ, ಘಾಟಿ, ಇಬ್ಬರು ಕೂರುವ ಆರಾಮ, ಜೊತೆಗೆ ಆ ಮೊದಲ ಎರಡು ಕಿಲೋಮೀಟರ್ ಜಲ್ಲಿ ದಾಟುವ ತಾಕತ್ತು. ಅಷ್ಟಕ್ಕೆ ನಿಧಾನವಾಗಿ ಹೋದರೆ ಯಾವ ಬೈಕಾದರೂ ಸಾಕು.

ಹೊಸ ಬೈಕ್ ಕೊಳ್ಳುವ ಬಹಳಷ್ಟು ಕಡೆ ಗೊತ್ತಿಲ್ಲದೆ ಆಗುವ ತಪ್ಪು ಇದೇ. ಎರಡು ಗಾಡಿ ಮಾಡುವ ಕೆಲಸವನ್ನು ಒಂದರ ಮೇಲೆ ಹೇರಿ, ಆ ಒಂದಕ್ಕೆ ಎರಡರ ಬೆಲೆ ಕೊಡುತ್ತಾರೆ.

ಬೆಲೆಯ ಲೆಕ್ಕ

22ರ ನಂತರದ ಬೆಲೆಗೆ ಎರಡು ಬೈಕ್‌ಗಳ ರಸ್ತೆಗಿಳಿಯುವ ಮೊತ್ತ ಹೀಗೆ ಬಂತು.

ದೊಡ್ಡದು: ಎಕ್ಸ್ ಶೋರೂಂ 3,06,000, ರಸ್ತೆ ತೆರಿಗೆ 61,200, ವಿಮೆ 24,500, ನೋಂದಣಿ ಮತ್ತು ನಂಬರ್ ಪ್ಲೇಟ್ 1,500. ಒಟ್ಟು 3,93,200.

ನಡುವಿನದು: ಎಕ್ಸ್ ಶೋರೂಂ 2,04,000, ರಸ್ತೆ ತೆರಿಗೆ 40,800, ವಿಮೆ 14,000, ನೋಂದಣಿ ಇತ್ಯಾದಿ 1,500. ಒಟ್ಟು 2,60,300.

ಶೋರೂಂ ಬೋರ್ಡ್ ಮೇಲಿನ ವ್ಯತ್ಯಾಸ 1,02,000. ಕೈಯಿಂದ ಹೋಗುವ ವ್ಯತ್ಯಾಸ 1,32,900. ಒಂದು ರೂಪಾಯಿ ದುಬಾರಿ ಬೈಕ್ ಆರಿಸಿದರೆ ಒಂದು ರೂಪಾಯಿ ಮೂವತ್ತು ಪೈಸೆ ಕೊಡುತ್ತೀರಿ. ಇದಕ್ಕೆ ರಸ್ತೆ ತೆರಿಗೆ ಒಂದು ಕಾರಣ, ವಿಮೆ ಇನ್ನೊಂದು. ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್‌ನಿಂದ ಜಾರಿಯಲ್ಲಿರುವ ದರದ ಪ್ರಕಾರ 150 ದಾಟಿ 350 ಸಿಸಿವರೆಗೆ ಅದು 7,365 ರೂ., 350 ದಾಟಿದರೆ 15,117 ರೂ., ಮೇಲೆ ಜಿಎಸ್‌ಟಿ. 349 ಸಿಸಿಗೂ 399 ಸಿಸಿಗೂ ಓಡಿಸುವಾಗ ಇರುವ ವ್ಯತ್ಯಾಸಕ್ಕಿಂತ ಕಾಗದದ ಮೇಲಿನ ವ್ಯತ್ಯಾಸವೇ ದೊಡ್ಡದು.

ಆಮೇಲೆ ಐದು ವರ್ಷದ ಲೆಕ್ಕ. ಮರುಮಾರಾಟದ ಬೆಲೆಯನ್ನು ಊಹಿಸುವ ಬದಲು ವಿಮೆಯವರು ಬಳಸುವ ಸವಕಳಿ ಪಟ್ಟಿಯನ್ನೇ ಹಿಡಿದರು. ಅದರಲ್ಲಿ ನಾಲ್ಕರಿಂದ ಐದು ವರ್ಷದ ಗಾಡಿಗೆ ಶೇ 50 ಕಳೆಯುತ್ತಾರೆ. ದೊಡ್ಡದಕ್ಕೆ ಉಳಿಯುವುದು 1,53,000, ಕರಗುವುದು 2,40,200. ನಡುವಿನದಕ್ಕೆ ಉಳಿಯುವುದು 1,02,000, ಕರಗುವುದು 1,58,300. ವ್ಯತ್ಯಾಸ 81,900, ವರ್ಷಕ್ಕೆ 16,400. ಪೆಟ್ರೋಲ್‌ನಲ್ಲಿ ದೊಡ್ಡದು ಲೀಟರ್‌ಗೆ 28, ನಡುವಿನದು 34 ಕೊಟ್ಟರೆ, ವರ್ಷಕ್ಕೆ 4,000 ಕಿ.ಮೀ. ಓಟಕ್ಕೆ 25 ಲೀಟರ್ ಹೆಚ್ಚು, 103ರ ದರದಲ್ಲಿ 2,600 ರೂ. ಮೈಲೇಜ್ ವಿಚಾರಕ್ಕೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಇಡೀ ಲೆಕ್ಕದಲ್ಲಿ ಅದರ ಪಾಲು ಇಷ್ಟೇ.

ಎರಡೂ ಕೂಡಿ ವರ್ಷಕ್ಕೆ 19,000. ಟೂರಿಂಗ್ ಓಡುವುದು 3,100 ಕಿ.ಮೀ. ಅಂದರೆ ದೊಡ್ಡ ಬೈಕ್‌ನ ಹೆಚ್ಚುವರಿ ಸುಖಕ್ಕೆ ಕಿಲೋಮೀಟರ್‌ಗೆ ಆರು ರೂಪಾಯಿ. ದೊಡ್ಡದಕ್ಕೆ ಮರುಮಾರಾಟದಲ್ಲಿ ಶೇ 60 ಸಿಕ್ಕಿದರೂ ಅದು ನಾಲ್ಕು ರೂಪಾಯಿಗೆ ಇಳಿಯುತ್ತದೆ, ಅದಕ್ಕಿಂತ ಕೆಳಗಲ್ಲ. ಕುದುರೆಮುಖದ 250 ಕಿ.ಮೀ. ಸುತ್ತಿಗೆ ಆರರಂತೆ ಲೆಕ್ಕ ಹಾಕಿದರೆ 1,500. ಬಾಡಿಗೆಗೆ ತಂದ ದಿನ ಕೊಟ್ಟಿದ್ದೂ 1,500. ಈ ಎರಡು ಅಂಕಿ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬಿದ್ದಾಗ ಅವರು ಪೆನ್ನು ಕೆಳಗಿಟ್ಟರು. 17ನೇ ತಾರೀಕು ದೊಡ್ಡದರ ಬುಕಿಂಗ್ ರದ್ದಾಯಿತು. ರಸೀದಿಯ ಹಿಂದಿನ ಸಾಲು ತೋರಿಸಿದ ಮೇಲೆ ಹತ್ತು ಸಾವಿರ ಪೂರ್ತಿ ಬಂತು.

ಕೊಟೇಶನ್ ಮತ್ತು ಸಾಲ

ಬೇರೆ ಬೇರೆ ಕಡೆಯಿಂದ ಮೂರು ಕೊಟೇಶನ್ ತಂದಿದ್ದರು. ಒಂದರಲ್ಲಿ ‘ಹ್ಯಾಂಡ್ಲಿಂಗ್ ಚಾರ್ಜ್’ 3,800, ಇನ್ನೊಂದರಲ್ಲಿ ಲೇಡೀಸ್ ಹ್ಯಾಂಡಲ್, ಕ್ರ್ಯಾಶ್ ಗಾರ್ಡ್, ಟ್ಯಾಂಕ್ ಕವರ್ ಸೇರಿಸಿ ‘ಆಕ್ಸೆಸರಿ ಕಿಟ್’ 11,200. ಸರ್ಕಾರಕ್ಕೆ ಹೋಗುವ ಹಣ ಇವೆರಡೂ ಅಲ್ಲ. ಪ್ರತಿ ಸಾಲಿಗೂ ‘ಇದರ ರಸೀದಿ ಬೇರೆ ಕೊಡ್ತೀರಾ?’ ಎಂದು ಕೇಳಿದಾಗ ಹ್ಯಾಂಡ್ಲಿಂಗ್ ಚಾರ್ಜ್ ತಾನಾಗೇ ಮಾಯವಾಯಿತು. ಕಿಟ್‌ನಲ್ಲಿ ಕ್ರ್ಯಾಶ್ ಗಾರ್ಡ್ ಮಾತ್ರ ಉಳಿಸಿಕೊಂಡರು. ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಅದೇ ಐಡಿವಿ (ವಿಮೆಗೆ ಹಿಡಿಯುವ ಗಾಡಿಯ ಬೆಲೆ), ಅದೇ ನಿಲ್ ಡೆಪ್ (ಕ್ಲೇಮ್‌ನಲ್ಲಿ ಸವಕಳಿ ಕಳೆಯದ ಸೌಲಭ್ಯ) ಇಟ್ಟುಕೊಂಡು ಹೊರಗೆ ದರ ಕೇಳಿದರೆ 2,900 ಕಮ್ಮಿ ಬಂತು. ಅದನ್ನು ತೋರಿಸಿದ ಮೇಲೆ ಶೋರೂಂನವರೂ ಇಳಿಸಿದರು, ಮೇಲಿನ ಲೆಕ್ಕದಲ್ಲಿರುವ ವಿಮೆಯ 14,000 ಇಳಿದ ಮೇಲಿನ ಮೊತ್ತ. ನಿಲ್ ಡೆಪ್ ಮಾತ್ರ ಬಿಡಬಾರದು. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕ್ಲೇಮ್‌ನಲ್ಲಿ ಅರ್ಧ ಕಡಿದುಕೊಳ್ಳುತ್ತಾರೆ. ಬಿದ್ದ ಬೈಕ್‌ನಲ್ಲಿ ಮೊದಲು ಒಡೆಯುವವು ಅವೇ.

ಸರ್ವಿಸ್ ವಿಚಾರದಲ್ಲಿ ನೋಡಿದ ಮೂರರಲ್ಲಿ ಒಂದಕ್ಕೆ ಆಗ ಹತ್ತಿರದ ಕೇಂದ್ರವಿದ್ದದ್ದು ಹಾಸನದಲ್ಲಿ, ಹೋಗಿಬರಲು 120 ಕಿ.ಮೀ., ಒಂದು ದಿನದ ಕೆಲಸ ಕೆಟ್ಟಿತು. ಯಾವುದೆಂದು ಹೇಳುವುದಿಲ್ಲ. ಊರಲ್ಲಿ ಒಂದು ಶೋರೂಂ ತೆರೆದರೆ ಈ ಸಾಲೇ ಸುಳ್ಳಾಗುತ್ತದೆ.

ಸಾಲದ್ದು ಬೇರೆ ಕಥೆ. ದೊಡ್ಡದಕ್ಕೆ ಎರಡು ಲಕ್ಷ ಸಾಲ, ಮೂರು ವರ್ಷ, ‘ಬರೀ ಎಂಟು ಪರ್ಸೆಂಟ್ ಸಾರ್’ ಎಂದಿದ್ದರು. ಕಂತು 6,889. ಇದು ಫ್ಲ್ಯಾಟ್ ಬಡ್ಡಿ: ಎರಡು ಲಕ್ಷಕ್ಕೆ ಮೂರು ವರ್ಷ ಪೂರ್ತಿ ಎಂಟರಂತೆ 48,000 ಹಾಕಿ 36ರಿಂದ ಭಾಗಿಸಿದ್ದು. ಅಸಲು ತೀರುತ್ತಾ ಹೋದರೂ ಬಡ್ಡಿ ಇಳಿಯುವುದಿಲ್ಲ. ಉಳಿದ ಅಸಲಿನ ಮೇಲಷ್ಟೇ ಬೀಳುವ, ಬ್ಯಾಂಕ್‌ನವರು ಹೇಳುವ ಇಳಿಕೆ ಬಡ್ಡಿಗೆ ಹೋಲಿಸಿದರೆ ಇದು ಹತ್ತಿರ ಹತ್ತಿರ ಶೇ 14.5. ಇಳಿಕೆ ಬಡ್ಡಿ ಶೇ 10.5ರಲ್ಲಿ ಅದೇ ಸಾಲದ ಕಂತು 6,500 ಮಾತ್ರ. ಶೇಕಡಾ ಎಷ್ಟು ಎಂದು ಕೇಳುವುದಕ್ಕಿಂತ ‘ಒಟ್ಟು ಎಷ್ಟು ಕಟ್ಟಬೇಕು’ ಎಂದು ಕೇಳಿದರೆ ಹಾಳೆ ಬೇಗ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ತೊಡಕಿತ್ತು. ಬೆಳೆಗಾರರಿಗೆ ದುಡ್ಡು ಬರುವುದು ಕೊಯ್ಲು ಮುಗಿದು ಕಾಫಿ ಮಾರಿದಾಗ, ಕಂತು ಕೇಳುವುದು ಪ್ರತಿ ತಿಂಗಳು 5ಕ್ಕೆ. ನಡುವಿನದಕ್ಕೆ ಒಂದು ಲಕ್ಷ ಮಾತ್ರ ಸಾಲ ಸಾಕಾಯಿತು. ಅದನ್ನು ಬೈಕ್ ಸಾಲವಾಗಿ ಮಾಡದೆ ಸೊಸೈಟಿಯಲ್ಲಿ ಚಿನ್ನ ಇಟ್ಟು ತಂದರು. ಮಾರ್ಚ್‌ನಲ್ಲಿ ಒಂದೇ ಸಲ ತೀರಿಸುವ ಯೋಚನೆ. ಆರ್‌ಸಿ ಮೇಲೆ ಸಾಲದ ನಮೂದು ಬೀಳಲಿಲ್ಲ. ಮುಂದೆ ಸಾಲ ತೀರಿದ ಮೇಲೆ ಆ ನಮೂದು ತೆಗೆಸಲು ಎನ್‌ಒಸಿ, ಫಾರ್ಮ್ 35 ಎಂದು ಆರ್‌ಟಿಒಗೆ ಅಲೆಯುವುದೂ ತಪ್ಪಿತು.

ಡೆಲಿವರಿ

ಅಕ್ಟೋಬರ್ 1ರ ಆಯುಧಪೂಜೆಗೇ ಬೇಕೆಂದು ಮನೆಯಲ್ಲಿ ಆಸೆಯಿತ್ತು. ಬೆಲೆ ಇಳಿದು ಹತ್ತು ದಿನದೊಳಗೇ ಹಬ್ಬ, ಶೋರೂಂನಲ್ಲಿ ಕಾಲಿಡಲು ಜಾಗವಿಲ್ಲ. ಅವತ್ತು ತೆಗೆದುಕೊಂಡಿದ್ದರೆ ಗಾಡಿ ಪರೀಕ್ಷಿಸಲು ಐದು ನಿಮಿಷವೂ ಸಿಗುತ್ತಿರಲಿಲ್ಲ. ದೀಪಾವಳಿಗೆ ಮುಂದೂಡಿದರು, ಹಬ್ಬಕ್ಕೆ ನಾಲ್ಕು ದಿನ ಮೊದಲು ಬೆಳಗ್ಗೆ ಹತ್ತಕ್ಕೆ ಹೋದರು. ಮೊದಲು ಕೊಡಲು ಹೊರಟ ಗಾಡಿಯ ಹಿಂದಿನ ಟೈರ್ ಮೇಲೆ ಇದ್ದ ನಾಲ್ಕಂಕಿ 0925, ಅಂದರೆ 2025ರ ಒಂಬತ್ತನೇ ವಾರದ್ದು. ಫಾರ್ಮ್ 21, ಅಂದರೆ ಸೇಲ್ ಸರ್ಟಿಫಿಕೇಟ್‌ನಲ್ಲಿ ತಯಾರಾದ ತಿಂಗಳು ಮಾರ್ಚ್. ಏಳು ತಿಂಗಳು ನಿಂತ ಗಾಡಿ. ಬ್ಯಾಟರಿ ನೋಡಿದರೆ 12.2 ವೋಲ್ಟ್, ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರ ಮೇಲಿರಬೇಕು. ಬೇರೆ ಗಾಡಿ ಕೇಳಿದರು. ಎರಡು ದಿನ ಬಿಟ್ಟು ಆಗಸ್ಟ್‌ನದು ಸಿಕ್ಕಿತು.

ಉಳಿದ ಹಣ ಎಲ್ಲಿ ಹೋಯಿತು ಎಂಬುದೇ ಈ ಖರೀದಿಯ ಒಳ್ಳೆಯ ಭಾಗ. ಇಬ್ಬರಿಗೂ ಜಾಕೆಟ್, ಗ್ಲೌಸ್, ಹೊಸ ಹೆಲ್ಮೆಟ್, ಒಳ್ಳೆಯ ಮಳೆ ಕೋಟು: 28,000. ಸ್ಯಾಡಲ್ ಬ್ಯಾಗ್ ಮತ್ತು ಅದರ ಸ್ಟೇ, ಕ್ರ್ಯಾಶ್ ಗಾರ್ಡ್: 14,000. ಹಳೆಯ 150ಕ್ಕೆ ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟ್, ಕೋನ್ ಸೆಟ್, ಫೋರ್ಕ್ ಆಯಿಲ್ ಸೀಲ್, ಬ್ರೇಕ್ ಶೂ, ಹಿಂದಿನ ಚಕ್ರಕ್ಕೆ ಕೆಸರು ಕಚ್ಚುವ ದಪ್ಪ ಹಲ್ಲಿನ ಟೈರ್: 16,500. ಬೈಕ್ ಸೇರಿ ಒಟ್ಟು 3,18,800. ದೊಡ್ಡದು ಬರೀ ಗಾಡಿಯೇ 3,93,200 ಆಗುತ್ತಿತ್ತು.

ಆಮೇಲೆ ಏನಾಯಿತು

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನವೆಂಬರ್‌ನಲ್ಲಿ ಕೊಟ್ಟಿಗೆಹಾರದ ಕಡೆ ಗುಂಡಿಯೊಂದರಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಕುಸಿದು ‘ಟಕ್’ ಎಂದಿತು, ಹೆಂಡತಿಗೆ ಬೆನ್ನು ಹಿಡಿಯಿತು. ಕಾರಣ ಸಣ್ಣದು. ಶೋರೂಂನಿಂದ ಬಂದಾಗ ಸ್ಪ್ರಿಂಗ್ ಪ್ರಿಲೋಡ್ (ಶಾಕ್‌ನ ಸ್ಪ್ರಿಂಗ್ ಎಷ್ಟು ಬಿಗಿ ಎಂಬ ಹೊಂದಾಣಿಕೆ) ಮೆತ್ತನೆಯ ಮೆಟ್ಟಿಲಲ್ಲೇ ಇತ್ತು, ಒಬ್ಬರು ಕೂರುವ ಲೆಕ್ಕಕ್ಕೆ. ಟೂಲ್ ಕಿಟ್‌ನ ಸಿ-ಸ್ಪ್ಯಾನರ್‌ನಿಂದ ಎರಡೂ ಬದಿಗೆ ಮೂರು ಮೆಟ್ಟಿಲು ಏರಿಸಿದರು. ಒಂದು ಬದಿ ಹೆಚ್ಚು ಒಂದು ಬದಿ ಕಮ್ಮಿ ಆದರೆ ತಿರುವಿನಲ್ಲಿ ಗಾಡಿ ಎಳೆಯುತ್ತದೆ, ಎಣಿಸಿಯೇ ತಿರುಗಿಸಬೇಕು. ಹಿಂದಿನ ಟೈರಿನ ಗಾಳಿಯನ್ನೂ ಸ್ಟಿಕ್ಕರ್‌ನಲ್ಲಿ ‘ಇಬ್ಬರಿಗೆ’ ಎಂದು ಬರೆದಿರುವ ಅಂಕಿಗೆ ತಂದರು. ಟಾಪ್ ಬಾಕ್ಸ್ ತೆಗೆದು ಭಾರವನ್ನು ಸ್ಯಾಡಲ್ ಬ್ಯಾಗ್‌ಗೆ ಇಳಿಸಿದರು. ಹಿಂದಿನ ಚಕ್ರದ ಆಚೆಗೆ, ಎತ್ತರದಲ್ಲಿ ಕೂತ ಹತ್ತು ಕೆ.ಜಿ. ಮುಂದಿನ ಚಕ್ರವನ್ನು ಹಗುರ ಮಾಡಿ ತಿರುವಿನಲ್ಲಿ ಹ್ಯಾಂಡಲ್ ತೇಲಿಸುತ್ತದೆ. ‘ಟಕ್’ ಪೂರ್ತಿ ಹೋಗಿಲ್ಲ. ಹತ್ತರಲ್ಲಿ ಎರಡು ಸಲ ಬರುತ್ತದೆ. ಆ ಎರಡಕ್ಕೆ ವೇಗ ಇಳಿಸುವುದೊಂದೇ ಮದ್ದು.

ಶಿರಾಡಿಯಲ್ಲಿ ಲಾರಿಗಳ ಸಾಲು ದಾಟುವಾಗ 20 ಪಿಎಸ್ ಸಾಲದು ಎಂಬುದೂ ಹಾಗೇ ಉಳಿದಿದೆ. ಈಗ ಮಂಗಳೂರಿಗೆ ಹೋಗುವುದಿದ್ದರೆ ಬೆಳಗ್ಗೆ ಐದೂವರೆಗೆ ಹೊರಡುತ್ತಾರೆ.

ಇದೇ ಲೆಕ್ಕ ಬೇರೆಯವರಿಗೆ ಬೇರೆ ಉತ್ತರ ಕೊಡುತ್ತದೆ. 178 ಸೆಂ.ಮೀ. ಎತ್ತರದವರು, ಒಬ್ಬರೇ ಹೋಗುವವರು, ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ನಿಜಕ್ಕೂ ಟೂರಿಂಗ್ ಮಾಡುವವರಾದರೆ ಸವಕಳಿಯ ವ್ಯತ್ಯಾಸ ಕಿಲೋಮೀಟರ್‌ಗೆ ಒಂದೂವರೆ ರೂಪಾಯಿ ಆಸುಪಾಸಿಗೆ ಇಳಿಯುತ್ತದೆ, ಪೆಟ್ರೋಲ್ ಸೇರಿದರೂ ಎರಡೂಕಾಲು. ಆಗ ಬಾಡಿಗೆಗೆ ತರುವುದಕ್ಕಿಂತ ದೊಡ್ಡದನ್ನು ಕೊಳ್ಳುವುದೇ ಅಗ್ಗ. ಮನೆಯಲ್ಲಿ ಎರಡನೆಯ ಗಾಡಿಯೇ ಇಲ್ಲದಿದ್ದರೆ ಚಿಕ್ಕ ಅಡ್ವೆಂಚರ್ ಮತ್ತೆ ಪಟ್ಟಿಗೆ ಬರಬೇಕು. ಬದಲಾಗದಿರುವುದು ಕೆಲಸದ ಕ್ರಮ: ಮೊದಲು ಹೋದ ವರ್ಷದ ಓಟ, ಆಮೇಲೆ ಭಾರ ಹೊತ್ತ ಒಂದು ದಿನ, ಕೊನೆಗೆ ಬೆಲೆ. ಇವರು ಉಲ್ಟಾ ಶುರು ಮಾಡಿದ್ದರು. ರಸೀದಿಯ ಹಿಂದಿನ ಸಾಲು ಇಲ್ಲದಿದ್ದರೆ ಉಲ್ಟಾವೇ ಮುಗಿಯುತ್ತಿತ್ತು.

ಫೆಬ್ರುವರಿ ಕೊನೆಗೆ ಹೊಸ ಬೈಕ್ ಓಡಿದ್ದು 1,640 ಕಿ.ಮೀ. ಕೊಯ್ಲು ಮುಗಿದ ವಾರ ಅವರು ಒಬ್ಬರೇ ದೊಡ್ಡ ಬೈಕನ್ನು ಎರಡು ದಿನಕ್ಕೆ ಬಾಡಿಗೆಗೆ ತಂದು ಬಿಸಿಲೆ ಕಡೆ ಸುತ್ತಿ ಬಂದರು, 3,000 ರೂ. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಪುಟ ಬೇರೆ ತೆರೆದಿದ್ದಾರೆ. ಆ ಪುಟದ ಮೊತ್ತ ವರ್ಷಕ್ಕೆ 19,000 ದಾಟಿದರೆ ಮತ್ತೆ ಶೋರೂಂ ಕಡೆ ಹೋಗುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ.